ಬಟ್ಟೆಯ ಮೇಲಿಲ್ಲದ ದಾರ

ಮೊದಲಿಗೇ ಕ್ಷಮೆ ಇರಲಿ. ಬೇರೆಯವರ ಮನೆಯ ನೋವನ್ನು ಹಾಳೆಗೆ ಇಳಿಸುವುದು ಸಣ್ಣ ಮಾತಲ್ಲ. ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ ಕೈ ಅದನ್ನು ಬರೆಯುವುದು ಇನ್ನೂ ಅಳುಕಿನ ಕೆಲಸ. ಎಲ್ಲಾದರೂ ತಪ್ಪಿದ್ದರೆ ಅದು ಬರೆದವರ ತಪ್ಪು, ಟೇಲರಕ್ಕನದಲ್ಲ. "ನನ್ನ ಹೆಸರು ಹಾಕ್ಬೇಡಿ. ಆದ್ರೆ ನಾನು ಮಾಡಿದ್ದನ್ನ ಒಂದೂ ಬಿಡಬೇಡಿ" ಎಂದು ಅವಳೇ ಹೇಳಿದ ಮೇಲೆ ಬರೆಯುವ ಧೈರ್ಯ ಬಂದಿದ್ದು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಇಸ್ತ್ರಿ ಅಂಗಡಿಯ ಜೊತೆ ಗೋಡೆ ಹಂಚಿಕೊಂಡು, ಒಂದು ಹೊಲಿಗೆ ಅಂಗಡಿ ಇದೆ. ಮುಂದೆ ಗಾಜಿನ ಬಾಗಿಲು, ಒಳಗೆ ಉದ್ದನೆಯ ಮೇಜು, ಎರಡು ಮಷಿನ್, ಗಿರಾಕಿಗಳು ಕೂರಲು ಒಂದು ಬೆಂಚು. ಮೇಜಿನ ಹಿಂದೆ ನಿಂತು ಬಟ್ಟೆ ಕತ್ತರಿಸುವವರು ಗಂಡ. ಅವರನ್ನು ಬೀದಿಯೆಲ್ಲ ಮಾಸ್ಟರ್ ಎನ್ನುತ್ತದೆ. ಮಷಿನ್ ತುಳಿಯುವವಳು ಹೆಂಡತಿ. ಅವಳು ಎಲ್ಲರಿಗೂ ಟೇಲರಕ್ಕ. ಅವರಿಬ್ಬರಿಗೂ ಹೆತ್ತವರು ಇಟ್ಟ ಬೇರೆ ಹೆಸರುಗಳಿವೆ ಎಂಬುದು ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎರಡು ಬೀದಿ ದಾಟಿದರೆ ಕ್ಲಿನಿಕ್. ಅಲ್ಲಿಯ ನರ್ಸು ತನ್ನ ಬಿಳಿ ಕೋಟಿನ ಜೇಬು ಹರಿದಾಗಲೆಲ್ಲ ಈ ಅಂಗಡಿಗೇ ಬರುವುದು. ಒಂದು ದಿನ ಹಾಗೆ ಬಂದವಳು ಒಂದು ಕಟ್ಟು ಹಾಳೆಯನ್ನೂ ತಂದಳು. ತೆಳು ಹಳದಿ ಬಣ್ಣದ, ಒಳ್ಳೆ ದಪ್ಪನೆಯ, ಅಗಲವಾದ ಹಾಳೆಗಳು. ಒಂದು ಬದಿಯಲ್ಲಿ ಅಚ್ಚು, ಇನ್ನೊಂದು ಬದಿ ಖಾಲಿ. ಕ್ಲಿನಿಕ್ಕಿಗೆ ಬರುವ ರೋಗಿಗಳಿಗಾಗಿ ಪ್ರತಿ ತಿಂಗಳ ಸುದ್ದಿ ಅದರಲ್ಲಿರುತ್ತದೆ, ಡಾಕ್ಟರು ಯಾವ ದಿನ ಇರುವುದಿಲ್ಲ, ಯಾವ ಲಸಿಕೆ ಬಂದಿದೆ, ಯಾವ ನಿಯಮ ಬದಲಾಗಿದೆ ಎಲ್ಲವೂ, ನಿಮ್ಮ ಅಂಗಡಿಗೆ ದಿನಾ ಜನ ಬರುತ್ತಾರಲ್ಲ, ಅಳತೆ ಕೊಟ್ಟು ಹೋಗುವವರ ಕೈಗೆ ಒಂದೊಂದು ಕೊಡಿ ಎಂದು ಕೇಳಿಕೊಂಡಳು. ಟೇಲರಕ್ಕ ಸಂತೋಷದಿಂದಲೇ ಒಪ್ಪಿಕೊಂಡಳು.

ಮೊದಲ ತಿಂಗಳು ನಿಯತ್ತಾಗಿ ಹಂಚಿದಳು. ಹಾಳೆ ತೆಗೆದುಕೊಂಡವರು ಒಬ್ಬರು ಅದರಲ್ಲಿ ಗಾಳಿ ಬೀಸಿಕೊಂಡರು, ಒಬ್ಬರು ಗುಂಡಿ ಸುತ್ತಿಕೊಂಡರು, ಉಳಿದವರು ಬೆಂಚಿನ ಮೇಲೆ ಬಿಟ್ಟು ಹೋದರು. ಪಕ್ಕದ ಇಸ್ತ್ರಿಯವನಂತೂ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯ ಕೆಳಗೆ ಇಟ್ಟುಕೊಂಡು, "ಕ್ಲಿನಿಕ್ಕಿನೋರಿಗೆ ಬೇರೆ ಕೆಲ್ಸ ಇಲ್ಲ ಟೇಲರಕ್ಕ. ಕಾಯಿಲೆ ಬಂದ್ರೆ ನಾವೇ ಹೋಗ್ತೀವಪ್ಪ, ಇದೇನು ಮದುವೆ ಕಾಗದ ಕೊಟ್ಟಂಗೆ" ಎಂದ. ಅವಳಿಗೂ ನಗು ಬಂತು.

ಎರಡನೆಯ ತಿಂಗಳಿಗೆ ಸರಿಯಾಗಿ ಒಂದು ಶಾಲೆಯ ಸಮವಸ್ತ್ರದ ಕೆಲಸ ಸಿಕ್ಕಿತು. ಬಿಳಿ ಶರ್ಟುಗಳು, ಐದು ಅಳತೆ. ಒಂದೊಂದು ಅಳತೆಗೂ ಕಾಲರಿನದು, ತೋಳಿನದು, ಜೇಬಿನದು ಎಂದು ಕಾಗದದ ಮಾದರಿ ಕತ್ತರಿಸಿಕೊಳ್ಳಬೇಕು. ಹಳೆಯ ಪತ್ರಿಕೆಯಲ್ಲಿ ಮಾಡಿದರೆ ಎರಡು ದಿನಕ್ಕೆ ಹರಿಯುತ್ತದೆ, ಮೇಲಾಗಿ ಅದರ ಮಸಿ ಬಿಳಿ ಬಟ್ಟೆಗೆ ಹತ್ತುತ್ತದೆ. ಮೂಲೆಯಲ್ಲಿ ಹಳದಿ ಹಾಳೆಗಳು ಕೂತಿದ್ದವು. ಟೇಲರಕ್ಕ ಒಂದನ್ನು ಎತ್ತಿ ಬೆರಳಿನಲ್ಲಿ ತಟ್ಟಿ ನೋಡಿದಳು. ಅದು ಠಣ್ ಎನ್ನುವ ಹಾಗಿತ್ತು. ಹೇಗೂ ಯಾರೂ ಓದುವುದಿಲ್ಲವಲ್ಲ ಎಂದುಕೊಂಡಳು. ಖಾಲಿ ಬದಿ ಮೇಲೆ ಬರುವ ಹಾಗೆ, ಅಚ್ಚಿನ ಬದಿ ಮೇಜಿಗೆ ಮುಖ ಮಾಡುವ ಹಾಗೆ, ಗಂಡನ ಮುಂದೆ ಹಾಸಿದಳು. ಮಾಸ್ಟರು ಗೆರೆ ಎಳೆದರು, ಕತ್ತರಿಸಿದರು. ಮಾದರಿಗಳನ್ನು ತೂತು ಮಾಡಿ, ದಾರಕ್ಕೆ ಪೋಣಿಸಿ, ಗೋಡೆಯ ಮೊಳೆಗೆ ನೇತುಹಾಕಿದ್ದಾಯಿತು.

ಅಂದಿನಿಂದ ಬಂದ ಹಾಳೆಗಳೆಲ್ಲ ಅದೇ ದಾರಿ ಹಿಡಿದವು. ಹಂಚಿದ್ರಾ ಅಕ್ಕ ಎಂದು ನರ್ಸು ಕೇಳಿದರೆ, ಟೇಲರಕ್ಕ ಮಷಿನ್ನಿನಿಂದ ತಲೆ ಎತ್ತದೆ, "ಎಲ್ಲ ಖರ್ಚಾಯ್ತು ಸಿಸ್ಟರ್" ಎನ್ನುತ್ತಿದ್ದಳು. ಸುಳ್ಳೇನಲ್ಲ, ಖರ್ಚಾಗಿದ್ದೇ ನಿಜ. ಆದರೆ ಆ ಮಾತಾಡುವಾಗ ತಲೆ ಯಾಕೆ ಎತ್ತುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಇನ್ನು ಮಾಸ್ಟರ ವಿಷಯ. ಅವರಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಚಿತ್ರ ತೆಗೆಸಿಕೊಳ್ಳಬೇಕು ಎಂದು ಕ್ಲಿನಿಕ್ಕಿನವರು ಕರೆದಾಗ, ಈ ಹಾಳೆಗಳು ಬರತೊಡಗಿದ ದಿನಗಳಲ್ಲೇ, ಹೋಗಿ ತೆಗೆಸಿಕೊಂಡಿದ್ದರು. ಕಣ್ಣಿಗೆ ಹನಿ ಬಿಟ್ಟಿದ್ದರಿಂದ ಅರ್ಧ ದಿನ ಎಲ್ಲ ಮಸುಕಾಗಿ, ಸೂಜಿಗೆ ದಾರ ಪೋಣಿಸಲಾಗದೆ ಬೈದುಕೊಂಡಿದ್ದೂ ಆಯಿತು. ಏನಾದರೂ ಕಂಡುಬಂದರೆ ತಿಳಿಸುತ್ತೇವೆ ಎಂದಿದ್ದರು. ಆ ಹೊತ್ತಿಗೇ ಅವರ ಫೋನು ಇಸ್ತ್ರಿಯವನ ನೀರಿನ ಬಕೆಟ್ಟಿಗೆ ಬಿದ್ದು ಸತ್ತುಹೋಗಿ, ಹೊಸ ಫೋನು, ಹೊಸ ನಂಬರು ಬಂತು. ಹೊಸ ನಂಬರನ್ನು ಗಾಜಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದರು. ಬಟ್ಟೆ ಅಂಗಡಿಗೆ ಹೇಳಿದರು, ಗುಂಡಿ ಮಾರುವವನಿಗೆ ಹೇಳಿದರು, ನೆಂಟರಿಗೆಲ್ಲ ಹೇಳಿದರು. ಕ್ಲಿನಿಕ್ಕಿಗೆ ಮಾತ್ರ ಹೇಳಲಿಲ್ಲ. ಅದು ಹೊಳೆಯಲೇ ಇಲ್ಲ.

ವಾರವೆರಡು ಕಳೆದ ಮೇಲೆ ಟೇಲರಕ್ಕ ಒಮ್ಮೆ ಕೇಳಿದಳು. "ರೀ, ಕಣ್ಣಿನ ರಿಪೋರ್ಟ್ ಏನಾಯ್ತು? ಹೋಗಿ ಕೇಳಿ ಬರಬಾರ್ದಾ?"

ಮಾಸ್ಟರು ಕತ್ತರಿ ನಿಲ್ಲಿಸಲಿಲ್ಲ. "ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳೇನೇ? ಏನಾದ್ರೂ ಇದ್ರೆ ಫೋನ್ ಬಂದೇ ಬರುತ್ತೆ. ಬರ್ಲಿಲ್ಲ ಅಂದ್ರೆ ಎಲ್ಲ ನೆಟ್ಟಗಿದೆ ಅಂತ."

ಮಾತು ಸರಿಯಾಗಿಯೇ ಕೇಳಿಸಿತು. ಎಷ್ಟು ಸರಿ ಎನ್ನಿಸಿತೆಂದರೆ, ಮುಂದಿನ ವಾರ ಹಸಿರು ಕೋಟು ಹೊಲಿಸಲು ಬಂದ ಒಬ್ಬ ಹೆಂಗಸಿಗೆ ಟೇಲರಕ್ಕ ಅದನ್ನೇ ದಾಟಿಸಿದಳು. ಆ ಹೆಂಗಸಿನ ಮೊಣಕೈ ಒಳಬದಿಯಲ್ಲಿ ಹತ್ತಿಯ ಉಂಡೆ ಅಂಟಿಸಿತ್ತು. ಅಳತೆ ತೆಗೆಯುವಾಗ ಮೆಲ್ಲಗೆ ಹಿಡಿಯಿರಿ, ಈಗಷ್ಟೇ ಕ್ಲಿನಿಕ್ಕಿನಲ್ಲಿ ರಕ್ತ ಕೊಟ್ಟು ಬಂದೆ, ಎರಡು ತಿಂಗಳಿಂದ ಸುಸ್ತು ಬಿಡುತ್ತಿಲ್ಲ ಎಂದಳು. ರಿಪೋರ್ಟ್ ಅವರೇ ಹೇಳುತ್ತಾರೋ, ನಾನೇ ಹೋಗಬೇಕೋ ಎಂದೂ ಕೇಳಿದಳು. ಟೇಲರಕ್ಕ ಟೇಪು ಸುತ್ತುತ್ತ, "ಏನಾದ್ರೂ ಇದ್ರೆ ಅವರೇ ಫೋನ್ ಮಾಡ್ತಾರೆ ಬಿಡಿ. ಮಾಡ್ಲಿಲ್ಲ ಅಂದ್ರೆ ಆರಾಮಾಗಿರಿ" ಎಂದಳು. ಆ ಹೆಂಗಸಿನ ಮುಖ ಹಗುರಾಯಿತು. ಕೋಟು ತಯಾರಾದ ದಿನ ಬಂದು, ಹಾಕಿಕೊಂಡು, ಕನ್ನಡಿ ನೋಡಿಕೊಂಡು, ಚೆನ್ನಾಗಿದೆ ಎಂದು ನಕ್ಕು ಹೋದಳು. ಆಮೇಲೆ ಬರಲಿಲ್ಲ.

ಕಣ್ಣಿನ ಚಿತ್ರ ತೆಗೆಸಿ ನಾಲ್ಕು ತಿಂಗಳಾಯಿತು. ಸಮವಸ್ತ್ರದ ಎರಡನೆಯ ಕಂತಿನ ಬಟ್ಟೆ ಮೇಜಿನ ಮೇಲೆ ಹಾಲಿನ ಹಾಗೆ ಹರಡಿತ್ತು. ಮಾಸ್ಟರು ಅಂಗೈಯಿಂದ ಬಟ್ಟೆಯನ್ನು ಒರೆಸಿದರು. ಮತ್ತೆ ಒರೆಸಿದರು. ಮತ್ತೆ.

"ಏ ಇವಳೇ, ಈ ದಾರ ತೆಗಿ. ಬಿಳಿ ಬಟ್ಟೆ ಮೇಲೆ ಕರಿ ದಾರ ಬಿದ್ದಿದೆ."

ಟೇಲರಕ್ಕ ಎದ್ದು ಬಂದು ನೋಡಿದಳು. ದಾರ ಇರಲಿಲ್ಲ.

"ಎಲ್ಲಿ ರೀ?"

"ಇಲ್ಲೇ ಇತ್ತು. ಈಗ ಆ ಕಡೆ ಹೋಯ್ತು."

"ದಾರಕ್ಕೂ ಕಾಲು ಬಂತಾ? ಹಾಗಾದ್ರೆ ಇನ್ಮೇಲೆ ಅದೇ ಸೂಜಿಗೆ ಪೋಣಿಸ್ಕೊಳ್ಳುತ್ತೆ ಬಿಡಿ" ಎಂದು ಅವಳು ನಕ್ಕಳು. ಅವರೂ ನಕ್ಕರು.

ಹೊಲಿಗೆಯವರ ಅಂಗಡಿಯಲ್ಲಿ ದಾರಕ್ಕೆ ಬರವೇ? ಮೈಮೇಲೆ, ತಲೆಯ ಮೇಲೆ, ಊಟದ ತಟ್ಟೆಯಲ್ಲೂ ದಾರ. ಬೇರೆ ಯಾರಾದರೂ ಆಗಿದ್ದರೆ ಕಣ್ಣ ಮುಂದೆ ಏನೋ ತೇಲುತ್ತಿದೆ ಎಂದು ಗಾಬರಿಯಾಗುತ್ತಿದ್ದರೇನೋ. ಈ ಗಂಡ ಹೆಂಡಿರಿಗೆ ಮಾತ್ರ ಅದು ದಾರವಾಗಿಯೇ ಕಂಡಿತು. ಅವಳು ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕರಿ ಕೋಟಿನ ಕೆಲಸವನ್ನು ದೂರದ ಮಷಿನ್ನಿಗೆ ಸಾಗಿಸಿದಳು. ಅವರ ಕನ್ನಡಕ ತೊಳೆದುಕೊಟ್ಟಳು. ಮೇಜಿನ ಮೇಲಿನ ದೀಪ ಬದಲಾಯಿಸಿದಳು. ದಾರ ಒಂದಿದ್ದದ್ದು ಎರಡಾಯಿತು, ಆಮೇಲೆ ಸಿಕ್ಕುಸಿಕ್ಕಾಯಿತು. ಮಾಸ್ಟರು ಬಟ್ಟೆ ಕೊಡವುವುದನ್ನು ನೋಡಿ ಇಸ್ತ್ರಿಯವನು, ಮಾಸ್ಟರು ಕೆಲಸ ಬಿಟ್ಟು ನೊಣ ಹಿಡಿಯಲು ಕೂತಿದ್ದಾರೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಹಾಸ್ಯ ಮಾಡಿದ. ಹೀಗೆ ಒಂಬತ್ತು ದಿನ.

ಹತ್ತನೆಯ ದಿನ ಬೆಳಿಗ್ಗೆ ಕತ್ತರಿ ಗೆರೆ ಬಿಟ್ಟು ಬಟ್ಟೆಯ ಒಳಗೆ ನುಗ್ಗಿತು. ಮೂವತ್ತು ವರ್ಷದಲ್ಲಿ ಟೇಲರಕ್ಕ ಅಂಥದ್ದನ್ನು ನೋಡಿರಲಿಲ್ಲ. ಮಾಸ್ಟರು ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಎಡಗಣ್ಣು ಮುಚ್ಚಿ ನೋಡಿದರು.

"ಬಟ್ಟೆ ಕಾಣ್ತಿಲ್ಲ ಕಣೇ. ಪರದೆ ಇಳಿಬಿಟ್ಟಂಗಿದೆ."

ಅವಳು ನಗಲಿಲ್ಲ. ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಕ್ಲಿನಿಕ್ಕಿಗೆ ಕರೆದುಕೊಂಡು ಓಡಿದಳು.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಅವರ ಕಡತ ತೆರೆದು ಓದಿದರು. ಆಮೇಲೆ ಬಿಡಿಸಿ ಹೇಳಿದರು. ಸಕ್ಕರೆ ಕಾಯಿಲೆ ಹಳೆಯದಾದರೆ ಕಣ್ಣಿನ ಹಿಂಭಾಗದಲ್ಲಿ ಬಲವಿಲ್ಲದ ಹೊಸ ರಕ್ತನಾಳಗಳು ಹುಟ್ಟಬಹುದು. ನೋವಿರುವುದಿಲ್ಲ, ದೃಷ್ಟಿಯೂ ಮೊದಮೊದಲು ನೆಟ್ಟಗೇ ಇರುತ್ತದೆ. ಅವು ಒಡೆದು ರಕ್ತ ಜಿನುಗಿದಾಗ ಕಣ್ಣ ಮುಂದೆ ದಾರದ ಹಾಗೆ, ಜೇಡರ ಬಲೆಯ ಹಾಗೆ ಕಾಣುತ್ತದೆ. ಒಡೆಯುವ ಮೊದಲೇ ಲೇಸರ್ ಚಿಕಿತ್ಸೆ ಮಾಡಿದರೆ ಬಹಳ ಜನರ ಕಣ್ಣು ಉಳಿಯುತ್ತದೆ. ಹಾಗೆ ನಾಳ ಹುಟ್ಟಿದ್ದು ಅಂದು ತೆಗೆದ ಚಿತ್ರದಲ್ಲೇ ಕಂಡಿತ್ತು. ಬೇಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಬರೆದೂ ಇತ್ತು.

"ನಾವು ನಾಲ್ಕು ಸಲ ಫೋನ್ ಮಾಡಿದ್ವಿ" ಎಂದರು ಡಾಕ್ಟರಮ್ಮ. "ಆ ನಂಬರ್ ಹೋಗ್ತಾನೇ ಇರ್ಲಿಲ್ಲ. ಮನೆಗೆ ಯಾರನ್ನಾದ್ರೂ ಕಳಿಸ್ಬೇಕಿತ್ತು. ಕಳಿಸ್ಲಿಲ್ಲ. ಅದು ನಮ್ಮ ತಪ್ಪು."

ಅಂದೇ ದೊಡ್ಡ ಆಸ್ಪತ್ರೆಗೆ ಹೋದರು. ಎಡಗಣ್ಣಿಗೆ ಲೇಸರ್ ಆಯಿತು, ಅದು ಉಳಿಯಿತು. ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು, ಅದು ಉಳಿಯಲಿಲ್ಲ. ಈಗ ಆ ಕಣ್ಣಿಗೆ ಕಿಟಕಿ ಎಲ್ಲಿದೆ ಎಂಬಷ್ಟು ಮಾತ್ರ ತಿಳಿಯುತ್ತದೆ.

ಮನೆಗೆ ಬಂದ ವಾರಕ್ಕೆ ನರ್ಸು ಅಂಗಡಿಗೆ ಬಂದಳು. ಮಾಸ್ಟರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಗಿರಾಕಿಯ ಹಾಗೆ ಬೆಂಚಿನ ಮೇಲೆ ಕೂತಿದ್ದರು. ನರ್ಸು ಅವರನ್ನು ನೋಡಲಾಗದೆ ನೆಲ ನೋಡಿಕೊಂಡು ಮಾತಾಡಿದಳು. ಫೋನಿಗೆ ಸಿಗದವರ ಪಟ್ಟಿಯೊಂದು ತನ್ನ ಮೇಜಿನ ಮೇಲೇ ಇತ್ತಂತೆ.

"ಆ ಹೆಸರು ದಿನಾ ನೋಡ್ತಿದ್ದೆ ಅಕ್ಕ. ಯಾರಪ್ಪ ಇವರು, ಎಲ್ಲಿದ್ದಾರೆ ಅಂತ. ಅದು ನಮ್ಮ ಮಾಸ್ಟರ್ ಹೆಸರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಆ ತಿಂಗಳು ನಿಮ್ಮಂಗಡಿಗೆ ಎರಡು ಸಲ ಬಂದಿದ್ದೀನಿ. ಇದೇ ಬೆಂಚಲ್ಲಿ ಕೂತಿದ್ದೀನಿ." ಅವಳು ಮೂಗು ಒರೆಸಿಕೊಂಡಳು. "ಹೇಗಾದ್ರೂ ತಲುಪ್ಲಿ ಅಂತಾನೇ ಹಳದಿ ಹಾಳೆಯಲ್ಲಿ ಹಾಕ್ಸಿದ್ದು."

ಟೇಲರಕ್ಕನ ಕಾಲು ಮಷಿನ್ನಿನ ಮೇಲೆ ನಿಂತುಹೋಯಿತು. ಎದ್ದು, ಗೋಡೆಯ ಮೊಳೆಯಿಂದ ಮಾದರಿಗಳ ಗೊಂಚಲನ್ನು ಇಳಿಸಿದಳು. ಒಂದೊಂದಾಗಿ ತಿರುವಿದಳು. ತೋಳಿನ ಹಿಂದೆ ಲಸಿಕೆಯ ದಿನ ಇತ್ತು. ಜೇಬಿನ ಹಿಂದೆ ಡಾಕ್ಟರಮ್ಮನ ರಜೆ ಇತ್ತು. ಮೂರನೆಯ ಅಳತೆಯ ಕಾಲರಿನ ಹಿಂದೆ, ದಪ್ಪ ಅಕ್ಷರದಲ್ಲಿ, ಹೀಗಿತ್ತು: "ಈ ತಿಂಗಳಿಂದ ಪರೀಕ್ಷೆಯ ವರದಿಯನ್ನು ಫೋನಿನಲ್ಲಿ ತಿಳಿಸಲಾಗುವುದಿಲ್ಲ. ಹತ್ತು ದಿನದ ನಂತರ ನೀವೇ ಬಂದು ಕೇಳಿ. ಫೋನ್ ಬರಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಕಣ್ಣಿನ ಚಿತ್ರ ತೆಗೆಸಿಕೊಂಡ ಕೆಲವರ ನಂಬರು ಸಿಗುತ್ತಿಲ್ಲ. ಚಿತ್ರ ತೆಗೆಸಿಕೊಂಡವರೆಲ್ಲರೂ ದಯವಿ"

ಅಲ್ಲಿಗೆ ಕಾಲರು ಬಾಗಿತ್ತು. ಉಳಿದದ್ದು ಚೂರಾಗಿ ಎಂದೋ ಕಸಕ್ಕೆ ಹೋಗಿತ್ತು.

ಅವಳು ಅದನ್ನು ನರ್ಸಿನ ಕೈಗೆ ಕೊಟ್ಟಳು. "ಹಂಚ್ಲಿಲ್ಲ ಸಿಸ್ಟರ್. ಮೊದಲ್ನೇ ತಿಂಗಳು ಬಿಟ್ರೆ ಒಂದೂ ಹಂಚ್ಲಿಲ್ಲ. ಖರ್ಚಾಯ್ತು ಅಂದಿದ್ದು ಇದಕ್ಕೆ. ಆ ಕಣ್ಣು ನಾನೇ ತೆಗೆದಂಗಾಯ್ತು."

ನರ್ಸು ಕಾಲರನ್ನು ತಿರುವಿ ಓದಿಕೊಂಡಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಟೇಲರಕ್ಕ ಇಂದಿಗೂ ಹೇಳುತ್ತಾಳೆ. ಮಾತಾಡಿದವರು ಮಾಸ್ಟರು.

"ಇಲ್ಲಿ ಕೊಡು." ಕಾಲರಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. "ಇದು ನನ್ನ ಕತ್ತರಿ ಕೆಲ್ಸ. ನೀನು ಕತ್ತರಿಸಿದ್ರೆ ತಿರುವಿನಲ್ಲಿ ಹಲ್ಲು ಹಲ್ಲು ಬರ್ತಿತ್ತು." ಸ್ವಲ್ಪ ತಡೆದು ಮತ್ತೆ ಅಂದರು. "ಹಾಸಿದ್ದು ನೀನು. ತಿರುಗಿಸಿ ನೋಡ್ದೆ ಕತ್ತರಿಸಿದ್ದು ನಾನು. ಹೋಗಿ ಕೇಳು ಅಂತ ನೀನಂದ್ರೆ, ಗಾದೆ ಹೇಳ್ದೋನೂ ನಾನೇ. ಎಲ್ಲ ನೀನೊಬ್ಳೇ ಹೊತ್ಕೋಬೇಡ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಉರಿಯುತ್ತಿರುವ ಒಲೆಯನ್ನು ಸುಮ್ಮನೆ ಆರಿಸಬಾರದು ಎಂದು ಟೇಲರಕ್ಕನಿಗೆ ಅನ್ನಿಸಿತು. ಮಾರನೆಯ ಬೆಳಿಗ್ಗೆ ಅಳತೆ ಪುಸ್ತಕ ತೆಗೆದಳು. ತಾನು ಹಾಳೆ ಹಂಚದೆ ಇದ್ದ ಆ ತಿಂಗಳುಗಳಲ್ಲಿ ಬಂದವರು ಯಾರು ಯಾರು ಎಂದು ಗುರುತು ಹಾಕಿಕೊಂಡಳು. ನರ್ಸು ಹೊಸ ಹಾಳೆಗಳನ್ನು ಕೊಟ್ಟಳು. ಅಂಗಡಿ ಮುಚ್ಚಿದ ಮೇಲೆ ಒಂದೊಂದೇ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಪರೀಕ್ಷೆ ಏನಾದರೂ ಮಾಡಿಸಿದ್ದೀರಾ, ವರದಿ ಕೇಳಿದ್ದೀರಾ, ನಂಬರು ಬದಲಾಗಿದೆಯಾ ಎಂದು ವಿಚಾರಿಸಿದಳು. ಕೆಲವರು ಕೂರಿಸಿ ಮಾತಾಡಿಸಿದರು. ಕೆಲವರು ಬಟ್ಟೆ ಹೊಲಿಯುವವಳಿಗೆ ನಮ್ಮ ರಕ್ತದ ಸುದ್ದಿ ಯಾಕೆ ಎಂದರು. ಅದೂ ನ್ಯಾಯವೇ ಎಂದು ತಲೆ ತಗ್ಗಿಸಿ, ಹಾಳೆ ಕೊಟ್ಟು ಬಂದಳು.

ಇಸ್ತ್ರಿಯವನು ಎರಡು ದಿನ ಅವಳ ಓಡಾಟ ನೋಡಿ, ಮೂರನೆಯ ದಿನ ತಾನಾಗಿಯೇ ಬಂದ. ತಾಯಿಯ ಕಡತದಲ್ಲಿ ತಾನು ಕೊಟ್ಟಿದ್ದು ಬೇರೆ ಊರಲ್ಲಿರುವ ತಮ್ಮನ ನಂಬರು, ಆ ತಮ್ಮನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು ಎಂದು ತಲೆ ಕೆರೆದುಕೊಂಡ. "ಕ್ಲಿನಿಕ್ಕಿನೋರು ಅವನಿಗೆ ಹೇಳಿದ್ರೂ ಅವನು ನಂಗೆ ಹೇಳ್ತಾನಾ ಟೇಲರಕ್ಕ?" ಅಂದೇ ಹೋಗಿ ನಂಬರು ಬದಲಿಸಿ ಬಂದ. ಬರುವಾಗ ತಮ್ಮನಿಗೂ ಒಂದು ಫೋನು ಮಾಡಿದನಂತೆ. ಅದು ಬೇರೆ ಕಥೆ.

ಈಗ ಆ ಅಂಗಡಿಯಲ್ಲಿ ಕತ್ತರಿ ಹಿಡಿಯುವವಳು ಟೇಲರಕ್ಕ. ತಿರುವಿನಲ್ಲಿ ಹಲ್ಲು ಬರುವುದು ಕಡಿಮೆಯಾಗುತ್ತಿದೆ. ಮಾಸ್ಟರು ಅಳತೆ ತೆಗೆಯುತ್ತಾರೆ. ಕೈ ಎತ್ತಿ ಎನ್ನುತ್ತಾರೆ, ಉಸಿರು ಬಿಡಿ ಎನ್ನುತ್ತಾರೆ, ಕ್ಲಿನಿಕ್ಕಿಗೆ ಕೊಟ್ಟ ನಂಬರು ಈಗಲೂ ನಡೆಯುತ್ತಿದೆಯಾ ಎನ್ನುತ್ತಾರೆ. ಟೇಪು ಕುತ್ತಿಗೆಗೆ ಸುತ್ತಿರುವಾಗ ಯಾರೂ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಹಾಸ್ಯ. ಹೊಲಿದು ಮುಗಿದ ಪ್ರತಿ ಅಂಗಿಯ ಜೇಬಿನಲ್ಲೂ ಆ ತಿಂಗಳ ಹಳದಿ ಹಾಳೆಯೊಂದು ಮಡಿಸಿ ಕೂತಿರುತ್ತದೆ, ಅಚ್ಚಿನ ಬದಿ ಹೊರಗೆ ಕಾಣುವ ಹಾಗೆ.

ಇದನ್ನು ಓದುತ್ತಿರುವ ಅಣ್ಣ ಅಕ್ಕಂದಿರೇ, ನಿಮ್ಮ ಕ್ಲಿನಿಕ್ಕಿನಿಂದಲೂ ಇಂಥ ಹಾಳೆ ಬರುತ್ತಿರಬಹುದು, ಗೋಡೆಗೆ ಅಂಟಿಸಿರಬಹುದು, ಫೋನಿಗೆ ಕಳಿಸುತ್ತಿರಬಹುದು. ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಸಾಕು, ಓದಿ. ಓದಲು ಬಾರದಿದ್ದರೆ ನಾಚಿಕೆ ಬೇಡ, ಮನೆಯವರಿಂದಲೋ ಪಕ್ಕದವರಿಂದಲೋ ಓದಿಸಿಕೊಳ್ಳಿ. ಫೋನ್ ನಂಬರು ಬದಲಾದ ದಿನ ನೆಂಟರಿಗಿಂತ ಮೊದಲು ಕ್ಲಿನಿಕ್ಕಿಗೆ ಹೇಳಿ. ಜನ ನಿಮ್ಮನ್ನು ಕರೆಯುವ ಹೆಸರೇ ಬೇರೆ, ಕಡತದಲ್ಲಿರುವ ಹೆಸರೇ ಬೇರೆ ಆಗಿದ್ದರೆ ಅದನ್ನೂ ಹೇಳಿ ಬರೆಸಿ. ಪರೀಕ್ಷೆ ಮಾಡಿಸಿದರೆ ವರದಿ ಯಾವಾಗ, ಯಾರನ್ನು ಕೇಳಬೇಕು ಎಂದು ಅಲ್ಲೇ ಕೇಳಿಕೊಂಡು ಬನ್ನಿ, ಆ ದಿನ ಬಂದಾಗ ಹೋಗಿ. ಸಕ್ಕರೆ ಕಾಯಿಲೆ ಇದ್ದು ಕಣ್ಣ ಮುಂದೆ ದಾರವೋ ಬಲೆಯೋ ತೇಲಿದರೆ ಬಟ್ಟೆ ಕೊಡವುತ್ತ ಕೂರಬೇಡಿ, ಅಂದೇ ಡಾಕ್ಟರ ಬಳಿ ಹೋಗಿ. ಹಂಚಲೆಂದು ಯಾರಾದರೂ ನಿಮ್ಮ ಕೈಗೆ ಸುದ್ದಿ ಕೊಟ್ಟರೆ, ಯಾರೂ ಓದುವುದಿಲ್ಲ ಎಂದು ನೀವೇ ತೀರ್ಮಾನ ಮಾಡಬೇಡಿ.

ಆ ಹಾಳೆಯನ್ನು ಅಂದೇ ಓದಿದ್ದರೆ ಮಾಸ್ಟರ ಬಲಗಣ್ಣು ಉಳಿಯುತ್ತಿತ್ತೇ ಎಂದು ಟೇಲರಕ್ಕ ಡಾಕ್ಟರಮ್ಮನನ್ನು ಕೇಳಿದಳು. ಉಳಿಯುವ ಸಾಧ್ಯತೆ ಹೆಚ್ಚಿತ್ತು, ಖಂಡಿತ ಎಂದು ಹೇಳಲಾರೆ ಎಂದರು ಅವರು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ.

ಅಳತೆ ಪುಸ್ತಕದಲ್ಲಿ ಗುರುತು ಹಾಕಿದವರಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರೂ ಸಿಕ್ಕರು. ಅವಳ ಪುಟದಲ್ಲಿ ವಿಳಾಸವಿಲ್ಲ. "ಹಸಿರು ಕೋಟು, ಎಡ ಭುಜ ಒಂದು ಬೆರಳು ಇಳಿಕೆ" ಎಂದಷ್ಟೇ ಬರೆದಿದೆ. ಅದರ ಕೆಳಗಿರುವ ನಂಬರಿಗೆ ಮಾಡಿದರೆ ಹೋಗುವುದಿಲ್ಲ. ಆ ನಂಬರು ಕ್ಲಿನಿಕ್ಕಿನ ಕಡತಗಳಲ್ಲೂ ಇಲ್ಲ. ಹೆಸರು ಕೇಳಿರಲಿಲ್ಲ, ಹೆಸರಿಲ್ಲದೆ ಕ್ಲಿನಿಕ್ಕಿನವರೂ ಹುಡುಕಲಾರರು. ಬೀದಿಯಲ್ಲಿ ಹಸಿರು ಬಟ್ಟೆ ಕಂಡರೆ ಟೇಲರಕ್ಕ ಮೊದಲು ಭುಜ ನೋಡುತ್ತಾಳೆ. ಆ ಹೆಂಗಸು ವರದಿ ಕೇಳಲು ಹೋದಳೋ, ಟೇಲರಕ್ಕನ ಮಾತು ನಂಬಿ ಆರಾಮಾಗಿ ಕೂತಳೋ, ಈಗ ಹೇಗಿದ್ದಾಳೋ, ಗೊತ್ತಿಲ್ಲ.